ಉಬ್ಬರದ ಗೆರೆಯ ಮೊಟ್ಟೆಗಳು

ಉಬ್ಬರದ ನೀರು ಬಂದು ನಿಲ್ಲುವ ಗೆರೆಯ ಹತ್ತಿರ ನಾವು ಮೇಲ್ಮೇಲಿನ ಮರಳನ್ನು ಮಾತ್ರ ಕೆರೆದು ತೆಗೆಯುತ್ತೇವೆ. ಜರಡಿ ಹಿಡಿದು, ಬೋಗುಣಿಯಲ್ಲಿ ನೀರು ಹಾಕಿ ಮೆಲ್ಲಗೆ ತಿರುಗಿಸಿದರೆ ಹಗುರವಾದದ್ದೆಲ್ಲ ಮೇಲೆ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಳಿಗೆ ಅಂಟಿಕೊಂಡ ಮೀನಿನ ಮೊಟ್ಟೆಗಳು. ಒಂದೊಂದೂ ಸುಮಾರು 1 ಮಿ.ಮೀ. ಬಲಿತಿದ್ದರೆ ಒಳಗೆ ಸುರುಳಿ ಸುತ್ತಿದ ಮರಿ, ಅದರ ಕಪ್ಪು ಕಣ್ಣು ಕಾಣುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಎಂಬ, ನೆಲದೊಳಗೆ ಚಾಚಿದ ಕಡಲ ಭಾಗದ ತೀರದಲ್ಲಿ ಸರ್ಫ್ ಸ್ಮೆಲ್ಟ್ ಮತ್ತು ಸ್ಯಾಂಡ್ ಲ್ಯಾನ್ಸ್ ಎಂಬ ಪುಟ್ಟ ಮೀನುಗಳು ಹೀಗೆ ದಡದ ಮೇಲೆಯೇ ಮೊಟ್ಟೆ ಇಡುತ್ತವೆ. ಸ್ಮೆಲ್ಟ್‌ಗೆ ಸಣ್ಣ ಹರಳು ಬೆರೆತ ಮರಳು ಬೇಕು. ಸ್ಯಾಂಡ್ ಲ್ಯಾನ್ಸ್‌ಗೆ ಇನ್ನೂ ನುಣುಪಾದ ಮರಳು, ಅದೂ ಚಳಿಗಾಲದಲ್ಲಿ. ಈ ಮೀನುಗಳನ್ನು ತಿಂದು ಚಿನೂಕ್ ಸಾಲ್ಮನ್ ಎಂಬ ದೊಡ್ಡ ಮೀನು ಬೆಳೆಯುತ್ತದೆ. ಅಳಿವಿನಂಚಿನಲ್ಲಿವೆ ಎಂದು 2005ರಲ್ಲಿ ಪಟ್ಟಿಗೆ ಸೇರಿದ ಅಲ್ಲಿನ ಓರ್ಕಾ (ಕಿಲ್ಲರ್ ವೇಲ್) ತಿಮಿಂಗಿಲಗಳಿಗೆ ಆ ಚಿನೂಕ್ ಮುಖ್ಯ ಆಹಾರ.

ಈ ದಡಕ್ಕೆ ದೊಡ್ಡ ಪೆಟ್ಟು ಕೊಡುವುದು ತಡೆಗೋಡೆ. ಅಂಗಳ ಕೊಚ್ಚಿಹೋಗದಿರಲಿ ಅಂತ ಜನ ಕಟ್ಟಿಸುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಎಷ್ಟೋ ಕಡೆ ಗೋಡೆ ನಿಲ್ಲುವುದೇ ಮೊಟ್ಟೆ ಇಡುವ ಜಾಗದ ಮೇಲೆ. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದು ತಡವಾಗಿ. ದಡಕ್ಕೆ ಹೊಸ ಮರಳು ಬರುವುದು ಹಿಂದಿನ ದಿಬ್ಬ ಸವೆದು ಸವೆದು. ಗೋಡೆ ಕಟ್ಟಿದರೆ ಆ ಮರಳು ನಿಂತುಹೋಗುತ್ತದೆ, ಇರುವ ನುಣುಪು ಮರಳನ್ನು ಅಲೆ ಎಳೆದುಕೊಂಡು ಹೋಗುತ್ತದೆ. ವರ್ಷಗಳ ಮೇಲೆ ಉಳಿಯುವುದು ಬರೀ ದಪ್ಪ ಕಲ್ಲು. ಪಕ್ಕದವರ ದಡದಲ್ಲೂ ಇದೇ ಕಥೆ, ಯಾಕೆಂದರೆ ಮರಳು ಬೇಲಿ ನೋಡಿ ಹರಿಯುವುದಿಲ್ಲ ಅಲ್ವಾ?

ಗೋಡೆಯ ಜೊತೆಗೆ ಸುಮ್ನೆ ನೋಟಕ್ಕೆ ಅಡ್ಡ ಅಂತ ಮರಗಳನ್ನೂ ಕಡಿಯುತ್ತಾರೆ. ನೆರಳು ಹೋದರೆ ಬೇಸಿಗೆಯಲ್ಲಿ ಮೊಟ್ಟೆ ಒಣಗುತ್ತದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಗೋಡೆಯಿದ್ದ, ನೆರಳಿಲ್ಲದ ದಡವನ್ನು ಸಹಜ ದಡದ ಜೊತೆ ಹೋಲಿಸಿತು. ಗೋಡೆಯಿದ್ದ ದಡದಲ್ಲಿ ಜೀವವಿದ್ದ ಸ್ಮೆಲ್ಟ್ ಮೊಟ್ಟೆಗಳ ಪ್ರಮಾಣ ಸಹಜ ದಡದ ಹೆಚ್ಚುಕಮ್ಮಿ ಅರ್ಧ.

ಮೊಟ್ಟೆ ಸಿಕ್ಕಿದೆ ಎಂದು ದಾಖಲಾದ ದಡಕ್ಕೆ ರಾಜ್ಯದ ನಿಯಮಗಳ ರಕ್ಷಣೆ ಜಾಸ್ತಿ. ಅದಕ್ಕೇ ಈ ಮರಳು ಜಾಲಿಸುವ ಕೆಲಸ ಇಷ್ಟು ಮುಖ್ಯ. ಒಂದು ಸಲ ಸಿಗಲಿಲ್ಲ ಅಂತ ಆ ದಡವನ್ನು ಕೈಬಿಡಬಾರದು, ಬೇರೆ ಬೇರೆ ತಿಂಗಳು ಮತ್ತೆ ನೋಡಬೇಕು.

ಮನೆ ದಡದಿಂದ ಸಾಕಷ್ಟು ಹಿಂದಿದ್ದರೆ ಗೋಡೆ ತೆಗೆಸಿ ಅಂತಲೇ ಹೇಳುತ್ತೇನೆ. ಆ ಜಾಗಕ್ಕೆ ಸರಿಯಾದ ಗಾತ್ರದ ಹರಳು ಸುರಿಸಿ, ದಿಮ್ಮಿಗಳನ್ನಿಟ್ಟು, ಮೇಲೆ ಅಲ್ಲಿನದೇ ಗಿಡ ನೆಡಬಹುದು. ಕೆಲಸ ಶುರುವಾಗುವ ಮುಂಚೆ ಮಾತ್ರ ಆ ಮರಳಲ್ಲಿ ಮೊಟ್ಟೆ ಇದೆಯಾ ಎಂದು ನೋಡಿಸಿ. ಇದ್ದರೆ ಮರಿಯಾಗಿ ಹೋಗುವವರೆಗೆ ಕಾಯಿರಿ. ಸ್ಮೆಲ್ಟ್‌ಗೆ ಬೇಸಿಗೆಯಲ್ಲಿ ಸುಮಾರು ಎರಡು ವಾರ ಸಾಕು, ಚಳಿಗಾಲದಲ್ಲಿ ಒಂದು ತಿಂಗಳೂ ದಾಟಬಹುದು.