ಕೂಲಿಂಗ್ ಗ್ಲಾಸ್ ಕಪ್ಪಗಿದ್ದರೆ ಸಾಕೇ?

ನಮ್ಮ ದೊಡ್ಡಪ್ಪನ ಎಡಗಣ್ಣಲ್ಲಿ, ಮೂಗಿನ ಕಡೆಯ ಮೂಲೆಯಿಂದ ತೆಳುವಾದ ಕೆಂಪು ಮಾಂಸ ಕರಿಗುಡ್ಡೆಯ ಮೇಲೆ ಹತ್ತಿ ಬರುತ್ತಿದೆ. ಹತ್ತಿರದಿಂದ ನೋಡಿದರೆ ಅದು ಒಂದು ಸಣ್ಣ ತ್ರಿಕೋನ. ಚೂಪು ತುದಿ ಕಣ್ಣಪಾಪೆಯ ಕಡೆಗಿದೆ. ಒಳಗೆ ಕೂದಲೆಳೆಯಂಥ ರಕ್ತನಾಳಗಳು ಕಾಣುತ್ತವೆ. ಕಾರವಾರದ ಬೈತಖೋಲ್ ಬಂದರಿನಿಂದ ಮೂವತ್ತೈದು ವರ್ಷ ಬೋಟಿಗೆ ಹೋದವರು ಅವರು. ಕಣ್ಣಿನ ಡಾಕ್ಟರು ಇದನ್ನು ಟೆರಿಜಿಯಂ ಎಂದರು. ಊರಿನವರು ದುರ್ಮಾಂಸ ಅನ್ನುತ್ತಾರೆ. ಸದ್ಯಕ್ಕೆ ಆಪರೇಷನ್ ಬೇಡ, ಆದರೆ ಬಿಸಿಲಿಗೆ ಹೋಗುವಾಗ ಒಳ್ಳೆಯ ಕೂಲಿಂಗ್ ಗ್ಲಾಸ್ ಹಾಕಲೇಬೇಕು ಎಂದು ಹೇಳಿ ಕಳಿಸಿದರು.

ದೊಡ್ಡಪ್ಪ ಮರುದಿನವೇ ರಸ್ತೆ ಬದಿಯಲ್ಲಿ ನೂರೈವತ್ತು ರೂಪಾಯಿ ಕೊಟ್ಟು ಒಂದನ್ನು ತಂದರು. ಕಾಡಿಗೆಯಷ್ಟು ಕಪ್ಪು. "ಇದು ಸಾಕಾಗ್ತದಲ್ವಾ, ತಮ್ಮಾ?" ಎಂದು ಕೇಳಿದರು. ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ, ಕೈಯಾರೆ ಪರೀಕ್ಷೆ ಮಾಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಣ್ಣು ಕುಕ್ಕುವ ಬೆಳಕು ಬೇರೆ, ಕಣ್ಣು ಕೆಡಿಸುವ ಬೆಳಕು ಬೇರೆ. ನಮಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಅದಕ್ಕಿಂತ ಗಿಡ್ಡ ಅಲೆಗಳೇ ನೇರಳಾತೀತ ಕಿರಣಗಳು, ಅಂದರೆ ಯುವಿ. 315ರಿಂದ 400ರವರೆಗಿನದು ಯುವಿ-ಎ, 280ರಿಂದ 315ರವರೆಗಿನದು ಯುವಿ-ಬಿ. ಇನ್ನೂ ಗಿಡ್ಡದಾದ ಯುವಿ-ಸಿಯನ್ನು ಮೇಲಿನ ಓಝೋನ್ ಪದರವೇ ತಡೆಯುತ್ತದೆ. ಯುವಿ ಕಾಣುವುದಿಲ್ಲ, ಕುಕ್ಕುವುದೂ ಇಲ್ಲ. ಹಾಗಾಗಿ ಕಣ್ಣಿಗೆ ಎಷ್ಟು ಬಿತ್ತು ಅನ್ನೋದು ನಮಗೆ ಗೊತ್ತೇ ಆಗುವುದಿಲ್ಲ. ತೆಳು ಮೋಡ ಇದ್ದರೂ ಅದು ಇಳಿದು ಬರುತ್ತದೆ. ಸಮುದ್ರದ ಹತ್ತಿರ ಕೆಳಗಿನಿಂದಲೂ ಬರುತ್ತದೆ. ಒಣ ಮರಳು ತನ್ನ ಮೇಲೆ ಬಿದ್ದ ಯುವಿಯಲ್ಲಿ ಸುಮಾರು ಶೇ 15ರಷ್ಟನ್ನು, ತೆರೆಯ ನೊರೆ ಸುಮಾರು ಶೇ 25ರಷ್ಟನ್ನು ವಾಪಸ್ ಎಸೆಯುತ್ತದೆ.

ಅಮೆರಿಕದ ಮೇರಿಲ್ಯಾಂಡಿನಲ್ಲಿ ಚೆಸಪೀಕ್ ಎಂಬ ದೊಡ್ಡ ಕೊಲ್ಲಿ ಇದೆ. ಅಲ್ಲಿ ಏಡಿ, ಸಿಂಪಿ ಹಿಡಿದು ಬದುಕುವ 838 ಜನರ ಕಣ್ಣನ್ನು ಪರೀಕ್ಷಿಸಿದ ಅಧ್ಯಯನವೊಂದು 1988ರಲ್ಲಿ ಪ್ರಕಟವಾಯಿತು. ಜೀವಮಾನದಲ್ಲಿ ಹೆಚ್ಚು ಯುವಿ-ಬಿ ಬಿದ್ದವರಿಗೆ ಒಂದು ಬಗೆಯ ಕಣ್ಣಿನ ಪೊರೆ ಬರುವ ಸಾಧ್ಯತೆ ಜಾಸ್ತಿ ಎಂದು ಅದರಲ್ಲಿ ಗೊತ್ತಾಯಿತು. ಕೆಲಸ ಅದೇ, ನೀರು ಅದೇ, ಬಿಸಿಲು ಮಾತ್ರ ನಮ್ಮದೇ ಜೋರು. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ನಡುವಿಗೆ ಕಾರವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೇ ಬರುತ್ತಾನೆ.

ದುರ್ಮಾಂಸ ಹೆಚ್ಚಾಗಿ ಮೂಗಿನ ಕಡೆಯೇ ಯಾಕೆ ಬೆಳೆಯುತ್ತದೆ? ಇದು ನನಗೆ ತುಂಬ ಹಿಡಿಸಿದ ವಿಷಯ. ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಒಂದು ಉಬ್ಬಿದ ಗಾಜಿನ ಹಾಗೆ. ಕೆನ್ನೆಯ ಪಕ್ಕದಿಂದ, ಓರೆಯಾಗಿ ಬಂದ ಬೆಳಕನ್ನು ಅದು ಬಗ್ಗಿಸಿ ಎದುರು ಬದಿಯ ಅಂಚಿನಲ್ಲಿ, ಮೂಗಿನ ಕಡೆ, ಒಂದೇ ಜಾಗಕ್ಕೆ ಕೂಡಿಸುತ್ತದೆ. ಭೂತಗನ್ನಡಿಯಲ್ಲಿ ಕಾಗದ ಸುಡುವ ಆಟ ನೆನಪಿದೆಯಲ್ವಾ, ಅದೇ ಕೆಲಸ. ಆ ಅಂಚಿನಲ್ಲೇ ಕಾರ್ನಿಯಾವನ್ನು ಹೊಸದಾಗಿ ಕಟ್ಟುವ ಮೂಲಕೋಶಗಳಿವೆ. ಆಸ್ಟ್ರೇಲಿಯಾದ ಕಣ್ಣಿನ ತಜ್ಞ ಮಿನಾಸ್ ಕೊರೊನಿಯೊ ಇದನ್ನು ವಿವರಿಸಿದರು. ಹಾಗಾಗಿ ಬದಿಯಿಂದ ಬರುವ ಬೆಳಕನ್ನು ಬಿಟ್ಟು ಎದುರಿನದನ್ನು ಮಾತ್ರ ತಡೆಯುವ ಪುಟ್ಟ ಗುಂಡು ಕನ್ನಡಕ ಚೆಂದ ಕಂಡರೂ ಮೀನುಗಾರರಿಗೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಹುಬ್ಬಿನಿಂದ ಕೆನ್ನೆಯವರೆಗೆ ಮುಚ್ಚುವ, ಪಕ್ಕಕ್ಕೆ ಬಾಗಿ ಕಿವಿಯ ಕಡೆಗೆ ಸುತ್ತಿಕೊಳ್ಳುವ ಫ್ರೇಮ್ ಬೇಕು. ಅದರ ಮೇಲೆ ಅಂಚು ಅಗಲವಾದ ಟೋಪಿ ಹಾಕಿದರೆ ಕಣ್ಣಿಗೆ ಬೀಳುವ ಯುವಿ ಸುಮಾರು ಅರ್ಧ ಇಳಿಯುತ್ತದೆ. ಟೋಪಿಗೆ ಎಷ್ಟು ಖರ್ಚು ಹೇಳಿ!

ಈಗ ಕಪ್ಪಿನ ವಿಷಯ. ಗಾಜಿನ ಬಣ್ಣ ತಡೆಯುವುದು ಕಾಣುವ ಬೆಳಕನ್ನು. ಯುವಿ ತಡೆಯುವುದು ಗಾಜಿನ ವಸ್ತು ಅಥವಾ ಅದರಲ್ಲಿ ಬೆರೆಸಿದ ರಾಸಾಯನಿಕ. ಇವೆರಡಕ್ಕೂ ಸಂಬಂಧವೇ ಇಲ್ಲ. ಯುವಿ ತಡೆಯದ ಕಪ್ಪು ಗಾಜು ಹಾಕಿದರೆ ಇನ್ನೂ ಒಂದು ತೊಂದರೆ. ಜೋರು ಬಿಸಿಲಲ್ಲಿ ಎರಡು ಮಿಲಿಮೀಟರಿನಷ್ಟು ಕಿರಿದಾಗುವ ಕಣ್ಣಪಾಪೆ, ಕತ್ತಲಾಯಿತು ಎಂದುಕೊಂಡು ಅಗಲವಾಗುತ್ತದೆ. ಕಣ್ಣು ಕಿರಿದು ಮಾಡುವ ಅಭ್ಯಾಸವೂ ನಿಲ್ಲುತ್ತದೆ. ಬಾಗಿಲು ಪೂರಾ ತೆರೆದಂತಾಯಿತು. ಮಕ್ಕಳ ಕಣ್ಣಿನ ಒಳಗಿನ ಮಸೂರ ದೊಡ್ಡವರದ್ದಕ್ಕಿಂತ ಹೆಚ್ಚು ಯುವಿಯನ್ನು ಒಳಗೆ ಬಿಡುತ್ತದೆ. ಆದ್ದರಿಂದ ಜಾತ್ರೆಯ ಆಟಿಕೆ ಕನ್ನಡಕವನ್ನು ಮಗುವಿಗೆ ಹಾಕಿ ಬಿಸಿಲಿಗೆ ಕಳಿಸಬೇಡಿ.

ದೊಡ್ಡಪ್ಪನ ಕನ್ನಡಕವನ್ನು ಮನೆಯಲ್ಲೇ ಪರೀಕ್ಷಿಸಿದೆವು. ಖೋಟಾ ನೋಟು ಪತ್ತೆ ಮಾಡಲು ಅಂಗಡಿಯವರು ಇಟ್ಟುಕೊಳ್ಳುವ ಯುವಿ ಟಾರ್ಚ್ ಸಾಕು. 365 ನ್ಯಾನೋಮೀಟರಿನದು ಒಳ್ಳೆಯದು. 395ರದು 400ರ ಗಡಿಗೆ ತೀರ ಹತ್ತಿರ, ಒಳ್ಳೆಯ ಗಾಜನ್ನೂ ಸ್ವಲ್ಪ ದಾಟಬಹುದು. ಬಾಗಿಲು ಹಾಕಿ ಕತ್ತಲೆ ಮಾಡಿ ಐನೂರರ ನೋಟಿನ ಮೇಲೆ ಟಾರ್ಚ್ ಬಿಟ್ಟರೆ ನಂಬರ್ ಇರುವ ಜಾಗ ಹೊಳೆಯಿತು. ಈಗ ಟಾರ್ಚಿಗೂ ನೋಟಿಗೂ ನಡುವೆ ಕನ್ನಡಕದ ಗಾಜು ಹಿಡಿಯಬೇಕು. ನೋಟನ್ನು ಮಾತ್ರ ಬರಿಗಣ್ಣಿಂದಲೇ ನೋಡಬೇಕು, ಗಾಜಿನ ಮೂಲಕ ನೋಡಿದರೆ ಕಪ್ಪು ಬಣ್ಣವೇ ಮೋಸ ಮಾಡುತ್ತದೆ. ಟಾರ್ಚಿನ ಬೆಳಕನ್ನು ಕಣ್ಣಿಗೆ ಬಿಟ್ಟುಕೊಳ್ಳಬಾರದು.

ಮೊದಲು ನನ್ನ ಪವರ್ ಕನ್ನಡಕ ಹಿಡಿದೆ. ಅದರ ಗಾಜು ನೀರಿನಷ್ಟು ತಿಳಿ. ನೋಟಿನ ಹೊಳಪು ತಟ್ಟನೆ ಆರಿತು. ಆಮೇಲೆ ದೊಡ್ಡಪ್ಪನ ಕಾಡಿಗೆ ಕಪ್ಪು. ನಂಬರ್ ಸ್ವಲ್ಪ ಮಂಕಾಯಿತು, ಅಷ್ಟೇ. ಓದುವಷ್ಟು ಹೊಳೆಯುತ್ತಲೇ ಇತ್ತು. ದೊಡ್ಡಪ್ಪ ಟಾರ್ಚ್ ಇಸಿದುಕೊಂಡು ತಾವೇ ಮೂರು ಸಲ ಮಾಡಿ ನೋಡಿದರು. ಪಕ್ಕದ ಮನೆಯ ಹುಡುಗನ ಇನ್ನೂರು ರೂಪಾಯಿಯ ಕನ್ನಡಕ ಮಾತ್ರ ಪಾಸಾಯಿತು! ಅಂದರೆ ಕಡಿಮೆ ಬೆಲೆಯದ್ದೆಲ್ಲ ಕೆಟ್ಟದ್ದಲ್ಲ. ಐದು ಸಾವಿರದ್ದರಲ್ಲಿ ಹೆಚ್ಚಿನ ದುಡ್ಡು ಹೆಸರಿಗೆ, ಫ್ರೇಮಿಗೆ ಹೋಗುತ್ತದೆ. ಯುವಿ ತಡೆಯುವುದು ದುಬಾರಿ ಕೆಲಸವೇ ಅಲ್ಲ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ತನ್ನ ಗುಣದಿಂದಲೇ ಹೆಚ್ಚಿನ ಯುವಿಯನ್ನು ಹೀರುತ್ತದೆ, ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ಈ ಟಾರ್ಚ್ ಪರೀಕ್ಷೆ ಕೆಟ್ಟದ್ದನ್ನು ಹಿಡಿಯಲು ಮಾತ್ರ. ಖಚಿತ ಬೇಕಿದ್ದರೆ ಯುವಿ ಅಳೆಯುವ ಪುಟ್ಟ ಯಂತ್ರ ಇರುವ ಕನ್ನಡಕದ ಅಂಗಡಿಗೆ ಹೋಗಿ ಕೇಳಿ, ಅರ್ಧ ನಿಮಿಷದ ಕೆಲಸ.

ಕೊಳ್ಳುವಾಗ "ಯುವಿ 400" ಎಂದು ಬರೆದಿದೆಯಾ ನೋಡಿ. 400 ನ್ಯಾನೋಮೀಟರಿನವರೆಗಿನದ್ದನ್ನು ತಡೆಯುತ್ತದೆ ಎಂದು ಅದರ ಅರ್ಥ. ಸುಮ್ನೆ ಚೀಟಿ ಅಂಟಿಸುವವರೂ ಇದ್ದಾರೆ, ಅದಕ್ಕೇ ಟಾರ್ಚ್. ಫ್ರೇಮಿನ ಒಳಬದಿಯಲ್ಲಿ ಕ್ಯಾಟಗರಿ ನಂಬರ್ ಇದ್ದರೆ ಕಡಲತೀರಕ್ಕೆ 3 ಸರಿ. ಅದು ಕಾಣುವ ಬೆಳಕಿನಲ್ಲಿ ಶೇ 8ರಿಂದ 18ರಷ್ಟನ್ನು ಮಾತ್ರ ಬಿಡುತ್ತದೆ. 4 ಇದ್ದರೆ ಹಾಕಿಕೊಂಡು ಗಾಡಿ ಓಡಿಸಬೇಡಿ, ತೀರ ಕತ್ತಲು. ಬೂದು ಬಣ್ಣದ ಗಾಜಿನಲ್ಲಿ ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಗಾಜು ನೆಟ್ಟಗಿದೆಯೋ ಎಂದು ನೋಡಲು ಕನ್ನಡಕವನ್ನು ಕೈ ಚಾಚಿ ಹಿಡಿದು, ಅಂಗಡಿಯ ಬಾಗಿಲ ಚೌಕಟ್ಟನ್ನು ಅದರ ಮೂಲಕ ನೋಡುತ್ತ ಮೆಲ್ಲಗೆ ಅಲ್ಲಾಡಿಸಿ. ಗೆರೆ ಹಾವಿನಂತೆ ಹರಿದಾಡಿದರೆ ಅಲ್ಲೇ ಇಟ್ಟು ಬನ್ನಿ. ಪವರ್ ಇಲ್ಲದ ಗಾಜಿನಲ್ಲಿ ಹಾಗಾಗಬಾರದು, ತಲೆನೋವು ಬರುತ್ತದೆ.

ಇನ್ನು ಪೋಲರೈಸ್ಡ್ ಗಾಜು. ಇದಕ್ಕೆ ದುಡ್ಡು ಸ್ವಲ್ಪ ಜಾಸ್ತಿ, ಯುವಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಸಮುದ್ರದವರಿಗೆ ಇದು ನಿಜಕ್ಕೂ ಬೇಕು. ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಕಂಪಿಸುತ್ತ ಬರುತ್ತದೆ. ನೀರಿನ ಮೇಲೆ ಬಿದ್ದು ಪ್ರತಿಫಲಿಸಿದಾಗ ಮಾತ್ರ ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತದೆ. ಪೋಲರೈಸ್ಡ್ ಗಾಜು ಆ ಅಡ್ಡ ಕಂಪನವನ್ನು ಹಿಡಿದುಬಿಡುತ್ತದೆ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರಲ್ಲಿ ಇದರ ಲೆಕ್ಕ ಕೊಟ್ಟರು. ನೀರಿನ ಮಟ್ಟಿಗೆ, ಸೂರ್ಯ ದಿಗಂತದಿಂದ ಸುಮಾರು 37 ಡಿಗ್ರಿ ಮೇಲಿದ್ದಾಗ ಪ್ರತಿಫಲನ ಪೂರ್ತಿ ಅಡ್ಡಕಂಪನವೇ ಆಗಿರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಕಾರವಾರದ ಸೂರ್ಯ ಅಷ್ಟು ಎತ್ತರಕ್ಕೆ ಇಳಿಯುವುದು ಸಂಜೆ ನಾಲ್ಕರ ಸುಮಾರಿಗೆ. ನಮಗೆ ಸಮುದ್ರ ಇರುವುದು ಪಶ್ಚಿಮಕ್ಕೆ. ಆ ಹೊತ್ತಿಗೆ ಟಾಗೋರ್ ಕಡಲತೀರದಲ್ಲಿ ನಿಂತರೆ ನೀರೆಲ್ಲ ಹೊಳೆವ ತಗಡು. ಪೋಲರೈಸ್ಡ್ ಹಾಕಿ ನೋಡಿ, ತಗಡು ಮಾಯವಾಗಿ ತೆರೆಯ ಒಳಗಿನ ಹಸಿರು ಕಾಣುತ್ತದೆ. ತಲೆಯನ್ನು ಭುಜಕ್ಕೆ ವಾಲಿಸಿದರೆ ತಗಡು ವಾಪಸ್. ಕಾಳಿ ನದಿಯ ಅಳಿವೆಯಲ್ಲಿ ಬೆಳಚು (ಚಿಪ್ಪುಮೀನು) ಹೆಕ್ಕುವವರಿಗೆ ತಳ ಕಾಣಲು ಇದರಷ್ಟು ಉಪಯೋಗದ್ದು ಬೇರೆ ಇಲ್ಲ. ಅಂಗಡಿಯಲ್ಲಿ ಪರೀಕ್ಷಿಸಲು ಇಂಥ ಎರಡು ಕನ್ನಡಕ ಕೇಳಿ ಒಂದರ ಗಾಜಿನ ಮೇಲೆ ಇನ್ನೊಂದನ್ನು ಇಟ್ಟು ಕಾಲು ಸುತ್ತು ತಿರುಗಿಸಿ. ನಿಜವಾದದ್ದಾದರೆ ಆಚೆಗಿನ ಬೆಳಕು ಪೂರಾ ನಂದುತ್ತದೆ.

ದೊಡ್ಡಪ್ಪನಿಗೆ ಕೊನೆಗೆ ಏಳುನೂರು ರೂಪಾಯಿಗೆ ಸಿಕ್ಕಿತು: ಪಾಲಿಕಾರ್ಬೊನೇಟ್, ಯುವಿ 400, ಕ್ಯಾಟಗರಿ 3, ಪೋಲರೈಸ್ಡ್, ಪಕ್ಕಕ್ಕೆ ಬಾಗಿದ ಫ್ರೇಮ್. ಬೆಳೆದ ದುರ್ಮಾಂಸ ಇದರಿಂದ ಕರಗುವುದಿಲ್ಲ. ಇನ್ನು ಮುಂದೆ ಬೀಳುವ ಬಿಸಿಲಾದರೂ ತಪ್ಪಲಿ ಅನ್ನೋದು ನಮ್ಮ ಆಸೆ. ಬಲೆಯ ನೈಲಾನ್ ದಾರವನ್ನು ಎರಡೂ ಕಡ್ಡಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ, ಬೋಟಿನಿಂದ ಬಗ್ಗಿದಾಗ ನೀರಿಗೆ ಬೀಳಬಾರದಲ್ವಾ. ಒಂದು ಮಾತು ಮಾತ್ರ ಅವರಿಗೆ ಮತ್ತೆ ಮತ್ತೆ ಹೇಳುತ್ತಿರುತ್ತೇನೆ. ಉಪ್ಪುನೀರು ಒಣಗಿದ ಗಾಜನ್ನು ಹಾಗೇ ಲುಂಗಿಯಲ್ಲಿ ಒರೆಸಬಾರದು, ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ಸಿಹಿನೀರಲ್ಲಿ ತೊಳೆದು, ಆಮೇಲೆ ಒರೆಸಬೇಕು.