ಪಾಲಿಗನ್ ಡಿಲೇ: ಅದು ‘ತಡ’ ಅಲ್ಲ, ‘ತಡಿ’

ಗೃಹಪ್ರವೇಶದ ಉಡುಗೊರೆಗೆಂದು ಶಿರಸಿ ಪೇಟೆಯಲ್ಲಿ ಒಂದು ಸ್ಟೀಲ್ ತಂಬಿಗೆಗೆ ಲೇಸರ್‌ನಲ್ಲಿ ಹೆಸರು ಹಾಕಿಸಿದೆ. ಅಕ್ಷರದ ಮೂಲೆಗಳೆಲ್ಲ ಸವೆದ ಸೋಪಿನ ಹಾಗೆ ಬೋಳು. ಅಂಗಡಿಯವರನ್ನು ಕೇಳಿದರೆ, ‘ಯಂತ್ರದ ಸೆಟ್ಟಿಂಗ್‌ನಲ್ಲಿ ಡಿಲೇ ಎಲ್ಲಾ ಸೊನ್ನೆ ಮಾಡಿದ್ದೆ. ಡಿಲೇ ಇಟ್ರೆ ಕೆಲಸ ತಡ ಆಗ್ತದಲ್ರಾ’ ಅಂದರು. ಈ ಮಾತು ಕೇಳಿದ್ದು ಇದು ಮೂರನೇ ಅಂಗಡಿಯಲ್ಲಿ. ಇನ್ನು ಸುಮ್ನಿರಲು ಆಗುವುದಿಲ್ಲ.

ಬಸ್ಸು ಡಿಲೇ ಅಂದರೆ ನಮ್ಮ ಹೊತ್ತು ಹಾಳು. ಅದು ‘ತಡ’. ಅಂಗಳದಲ್ಲಿ ಓಡುವ ಮೊಮ್ಮಗನಿಗೆ ಅಜ್ಜಿ ‘ತಡಿ, ತಂಗಿನೂ ಬರ್ಲಿ’ ಅಂತಾಳಲ್ಲ, ಲೇಸರ್‌ನ ಡಿಲೇ ಆ ‘ತಡಿ’. ಎರಡೂ ಒಂದೇ ಬಳ್ಳಿಯ ಪದಗಳು, ‘ತಡೆ’ಯ ನೆಂಟರು. ಆದರೆ ‘ತಡ’ದಲ್ಲಿ ಹೊತ್ತು ಮೀರಿರುತ್ತದೆ. ‘ತಡಿ’ಯಲ್ಲಿ ಹಿಂದೆ ಬಿದ್ದವರಿಗಾಗಿ ನಿಲ್ಲುತ್ತೇವೆ.

ಇಲ್ಲಿ ಹಿಂದೆ ಬೀಳುವುದು ಕನ್ನಡಿ. ಲೇಸರ್ ಕಿರಣವನ್ನು ಬೇಕಾದ ಕಡೆ ತಿರುಗಿಸುವ ಭಾಗ ಗ್ಯಾಲ್ವೋ ಸ್ಕ್ಯಾನರ್. ಅದರಲ್ಲಿ ಎಕ್ಸ್ ದಿಕ್ಕಿಗೊಂದು, ವೈ ದಿಕ್ಕಿಗೊಂದು ಪುಟ್ಟ ಕನ್ನಡಿ ಇರುತ್ತದೆ. ಪುಟ್ಟದಾದರೂ ತೂಕ ತೂಕವೇ. ಎಲ್ಲಿಗೆ ತಿರುಗಬೇಕು ಅನ್ನುವ ಯಂತ್ರದ ಆಜ್ಞೆ ಮುಂದೆ ಹೋಗುತ್ತದೆ, ಕನ್ನಡಿ ಹಿಂದಿನಿಂದ ಬರುತ್ತದೆ. ಸೆಕೆಂಡಿಗೆ 1000 ಮಿ.ಮೀ. ವೇಗದಲ್ಲಿ 100 ಮೈಕ್ರೋಸೆಕೆಂಡ್ ಹಿಂದೆ ಬಿದ್ದರೆ 0.1 ಮಿ.ಮೀ. ಅಂತರ. ಆಜ್ಞೆ ಮೂಲೆ ಮುಟ್ಟಿ ತಿರುಗಿದರೂ ಕನ್ನಡಿ ಇನ್ನೂ ಮೂಲೆಗೆ ಬಂದಿರುವುದಿಲ್ಲ. ಅದು ಬರುವ ತನಕ ಆಜ್ಞೆ ಮೂಲೆಯಲ್ಲಿ ಕಾಯುವುದೇ ಪಾಲಿಗನ್ ಡಿಲೇ. ಕಾಯದಿದ್ದರೆ ಕನ್ನಡಿ ಒಳದಾರಿ ಹಿಡಿದು ಮೂಲೆಯನ್ನೇ ತಿಂದುಹಾಕುತ್ತದೆ. ಜಾಸ್ತಿ ಕಾದರೂ ಕಷ್ಟ. ಲೇಸರ್ ಉರಿಯುತ್ತಲೇ ಇರುವುದರಿಂದ ಅಲ್ಲಿ ಸುಟ್ಟ ಚುಕ್ಕೆ ಬೀಳುತ್ತದೆ.

‘ಪಾಲಿಗನ್’ ಅಂದರೆ ಗ್ರೀಕ್‌ನಲ್ಲಿ ಹಲವು ಮೂಲೆ. ‘ಬಹುಭುಜ’ ಅಂದುಕೊಂಡು, ಷಟ್ಕೋನ ಬರೆಯುವಾಗ ಮಾತ್ರ ಇದು ಬೇಕು ಅನ್ನುವವರಿದ್ದಾರೆ. ಹಾಗಲ್ಲ. ಲೇಸರ್ ಆರದೆ ಒಂದು ಗೆರೆಯಿಂದ ಇನ್ನೊಂದಕ್ಕೆ ಹೊರಳುವ ಪ್ರತಿ ಜಾಗದಲ್ಲೂ ಇದರದೇ ಕೆಲಸ. ಗೆರೆಯ ಕೊನೆಯಲ್ಲಿ ಕಾಯುವುದು ಮಾರ್ಕ್ ಡಿಲೇ, ಲೇಸರ್ ಆರಿಸಿ ಇನ್ನೊಂದು ಜಾಗಕ್ಕೆ ಜಿಗಿದು ಇಳಿದ ಮೇಲೆ ಕಾಯುವುದು ಜಂಪ್ ಡಿಲೇ. ಅವನ್ನು ಇದರ ಜೊತೆ ಬೆರೆಸಬೇಡಿ.

ಕನ್ನಡ ಅಕ್ಷರಕ್ಕೆ ಬಂದಾಗ ಇದು ಇನ್ನೂ ಸೂಕ್ಷ್ಮ. ‘ಶಿರಸಿ’ ಅಂತ ಬರೆಸಿ ನೋಡಿ. ತಲೆಕಟ್ಟಿನ ಹತ್ತಿರ ಚೂಪು, ಉಳಿದದ್ದು ಹೆಚ್ಚುಕಡಿಮೆ ದುಂಡು. ಯಂತ್ರಕ್ಕೆ ಈ ದುಂಡೆಲ್ಲ ಸಣ್ಣ ಸಣ್ಣ ನೇರ ಗೆರೆಗಳ ಸರಪಳಿ. ಪ್ರತಿ ಕೊಂಡಿಯಲ್ಲೂ ಅಷ್ಟೇ ಹೊತ್ತು ನಿಂತರೆ ಅಕ್ಷರದ ಮೈತುಂಬ ಚುಕ್ಕೆ, ಕೆಲಸವೂ ನಿಜವಾಗಿ ನಿಧಾನ. ಆ ಅಂಗಡಿಯವರು ಸೊನ್ನೆ ಮಾಡಿದ್ದು ಇದನ್ನು ಕಂಡೇ. ಆದರೆ ದೇವಿಮನೆ ಘಟ್ಟ ಇಳಿಯುವ ಡ್ರೈವರ್ ಪ್ರತಿ ಸಣ್ಣ ಬಾಗಿಗೂ ಬ್ರೇಕ್ ಹಾಕುತ್ತಾನಾ? ಕಡಿದಾದ ತಿರುವಿಗೆ ಮಾತ್ರ ಅಲ್ವಾ? ವೇರಿಯಬಲ್ ಪಾಲಿಗನ್ ಡಿಲೇ ಅನ್ನುವುದು ಇದಕ್ಕೇ. ತಿರುವು ಸಣ್ಣದಾದರೆ ಕಾಯುವುದೂ ಸಣ್ಣದು, ಪೂರ್ತಿ ಹಿಂದೆ ತಿರುಗುವಲ್ಲಿ ಜಾಸ್ತಿ.

ಅವರ ಅಂಗಡಿಯಲ್ಲೇ ಒಂದು ರದ್ದಿ ತಗಡಿನ ಮೇಲೆ ಚೌಕ ಬರೆಸಿದೆವು. ಸೊನ್ನೆಯಿಂದ ಹತ್ತತ್ತು ಮೈಕ್ರೋಸೆಕೆಂಡ್ ಏರಿಸುತ್ತಾ, ಭೂತಗನ್ನಡಿಯಲ್ಲಿ ಮೂಲೆ ನೋಡುತ್ತಾ ಹೋದೆವು. ಚೂಪಾಯಿತು, ಚುಕ್ಕೆ ಇನ್ನೂ ಬಿದ್ದಿಲ್ಲ ಅನ್ನುವಲ್ಲಿ ನಿಲ್ಲಿಸಿದೆವು. ವೇಗ ಬದಲಿಸಿದರೆ ಇದನ್ನು ಮತ್ತೆ ನೋಡಬೇಕು ಅಂತಲೂ ಹೇಳಿ ಬಂದೆ. ಎರಡನೇ ತಂಬಿಗೆಯಲ್ಲಿ ‘ರ’ದ ತಲೆಕಟ್ಟು ಕೊರೆದಿಟ್ಟ ಹಾಗೆ ಬಂತು.