ಮೂವರೂ ಪ್ರಾರ್ಥಿಸುವುದು ಒಬ್ಬ ದೇವರಿಗೇನಾ?

ಪ್ರಶ್ನೆ: ಯೆಹೂದಿಗಳು, ಕ್ರೈಸ್ತರು, ಮುಸ್ಲಿಮರು ಎಲ್ಲರೂ ದೇವರು ಒಬ್ಬನೇ ಅಂತಾರೆ. ಹಾಗಿದ್ದರೆ ಅವರೆಲ್ಲ ಪ್ರಾರ್ಥಿಸುವುದು ಅದೇ ದೇವರಿಗಾ, ಅಥವಾ ಒಬ್ಬೊಬ್ಬರ ದೇವರು ಬೇರೆ ಬೇರೆನಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೌದು, ಅದೇ ದೇವರು. ಆದರೆ ಈ ‘ಹೌದು’ ಜೊತೆಗೆ ‘ಹಾಗಾದರೆ ಎಲ್ಲಾ ಧರ್ಮವೂ ಒಂದೇ ಬಿಡಿ’ ಅನ್ನುವುದನ್ನು ಸೇರಿಸಿಕೊಳ್ಳಬೇಡಿ. ಯಾರಿಗೆ ಪ್ರಾರ್ಥಿಸುತ್ತೀರಿ ಅನ್ನುವುದು ಒಂದು ಪ್ರಶ್ನೆ, ಅವನ ಬಗ್ಗೆ ಏನು ನಂಬುತ್ತೀರಿ ಅನ್ನುವುದು ಇನ್ನೊಂದು. ಇವೆರಡನ್ನೂ ಕಲಸಿಬಿಟ್ಟರೆ ಮಾತು ಮುಂದೆ ಹೋಗುವುದೇ ಇಲ್ಲ.

ಹೆಸರಿನ ಗೊಂದಲ ಮೊದಲು ಮುಗಿಸೋಣ, ಅದು ಸುಲಭ. ‘ಅಲ್ಲಾಹ್’ ಅಂದರೆ ಮುಸ್ಲಿಮರ ದೇವರ ಹೆಸರು, ಬೈಬಲಿನ ದೇವರು ಬೇರೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅರಬ್ಬಿ ಭಾಷೆಯ ಬೈಬಲ್ ತೆಗೆದು ನೋಡಿ. ಮೊದಲ ಸಾಲಿನಲ್ಲೇ ಇದೆ, ಆದಿಯಲ್ಲಿ ಆಕಾಶವನ್ನೂ ಭೂಮಿಯನ್ನೂ ಸೃಷ್ಟಿಸಿದವನು ಅಲ್ಲಾಹ್ ಅಂತ. ಅರಬ್ಬಿ ಮಾತಾಡುವ ಕ್ರೈಸ್ತರಿಗೆ ದೇವರು ಅನ್ನಲು ಇರುವ ಪದವೇ ಅದು. ಮಾಲ್ಟಾದ ಕ್ಯಾಥೊಲಿಕರೂ ‘ಅಲ್ಲಾ’ ಅಂತಲೇ ಕರೆಯುತ್ತಾರೆ. ಮಲೇಷ್ಯಾದಲ್ಲಿ ಮಾತ್ರ ಇದು ಕೋರ್ಟು ಮೆಟ್ಟಿಲು ಹತ್ತಿತು. ಒಂದು ಕ್ಯಾಥೊಲಿಕ್ ವಾರಪತ್ರಿಕೆ ಈ ಪದ ಬಳಸುವ ಹಾಗಿಲ್ಲ ಅಂತ 2013ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಎಷ್ಟೋ ತಲೆಮಾರುಗಳಿಂದ ಬಾಯಲ್ಲಿದ್ದ ಪ್ರಾರ್ಥನೆಯ ಪದವನ್ನು ಹೀಗೆ ಕಿತ್ತುಕೊಂಡರೆ ಆ ಜನಕ್ಕೆ ಹೇಗಾಗಿರಬೇಡ.

ಈಗ ಕಷ್ಟದ ಭಾಗ. ದೇವರು ಒಬ್ಬನೇ, ಆದರೆ ತಂದೆ, ಮಗ, ಪವಿತ್ರಾತ್ಮ ಅಂತ ತ್ರಯೇಕನಾಗಿದ್ದಾನೆ ಅನ್ನುತ್ತಾರೆ ಕ್ರೈಸ್ತರು. ಕುರಾನಿನ 112ನೇ ಅಧ್ಯಾಯ ಬರೀ ನಾಲ್ಕು ವಾಕ್ಯದ್ದು. ಅದರಲ್ಲೇ ಒಂದು, ದೇವರಿಗೆ ಮಕ್ಕಳಿಲ್ಲ, ಅವನು ಯಾರ ಮಗನೂ ಅಲ್ಲ ಅಂತ ಖಡಾಖಂಡಿತವಾಗಿ ಹೇಳುತ್ತದೆ. ಯೇಸುವನ್ನು ದೇವರು ಅನ್ನುವುದನ್ನು ಯೆಹೂದಿಗಳೂ ಒಪ್ಪುವುದಿಲ್ಲ. ಇದು ಸಣ್ಣ ವ್ಯತ್ಯಾಸ ಅಲ್ಲ. ಹಾಗಾಗಿ ‘ಇಷ್ಟೊಂದು ಬೇರೆ ಇದ್ದಮೇಲೆ ದೇವರೂ ಬೇರೆಯೇ ಅಲ್ವಾ?’ ಅನ್ನುವವರ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಅವರ ವಾದ ಅರ್ಥ ಮಾಡಿಕೊಳ್ಳೋಣ. ಮೇಲಿನ ಮನೆಯವರು ತುಂಬ ಒಳ್ಳೆಯವರು ಅಂತ ನಾನು ಹೇಳುತ್ತೇನೆ, ಜಗಳಗಂಟರು ಅಂತ ನೀವು ಹೇಳುತ್ತೀರಿ. ಇಬ್ಬರೂ ಒಬ್ಬರ ಬಗ್ಗೆಯೇ ಮಾತಾಡುತ್ತಿದ್ದೇವೆ, ಅದಕ್ಕೇ ಜಗಳ. ಆದರೆ ನಾನು ‘ಎತ್ತರದ ಗಂಡಸು, ಒಬ್ಬರೇ ಇದ್ದಾರೆ’ ಅಂದು, ನೀವು ‘ಕುಳ್ಳಗಿನ ಹೆಂಗಸು, ಮೂರು ಮಕ್ಕಳು’ ಅಂದರೆ? ಆಗ ಇಬ್ಬರೂ ನಿಂತು, ನೀವು ಯಾವ ಮನೆ ಹೇಳ್ತಿದ್ದೀರಿ ಅಂತ ಕೇಳಬೇಕಾಗುತ್ತದೆ.

ನನ್ನ ಪ್ರಕಾರ ಇಲ್ಲಿ ಮನೆ ಒಂದೇ. ಮೂವರೂ ಹೇಳುವುದು ತಾವೆಲ್ಲ ಮೂಲಪುರುಷ ಅಂತ ಗೌರವಿಸುವ ಅಬ್ರಹಾಮನನ್ನು ಕರೆದ, ಪ್ರವಾದಿ ಮೋಶೆಯ ಜೊತೆ ಮಾತಾಡಿದ, ಎಲ್ಲವನ್ನೂ ಸೃಷ್ಟಿಸಿದ ಆ ಒಬ್ಬನನ್ನು. ದೇವರಿಗೆ ಮಗ ಇದ್ದಾನಾ ಇಲ್ವಾ ಅನ್ನುವ ಜಗಳಕ್ಕೆ ಅರ್ಥ ಬರುವುದೂ ಇಬ್ಬರ ಮನಸ್ಸಿನಲ್ಲೂ ಒಬ್ಬನೇ ಇದ್ದಾಗ.

ತ್ರಯೇಕತ್ವ ಒಪ್ಪದವರು ಬೇರೆ ದೇವರನ್ನೇ ಆರಾಧಿಸುತ್ತಾರೆ ಅನ್ನುವ ಕ್ರೈಸ್ತರಿಗೆ ಇನ್ನೊಂದು ಕಷ್ಟವೂ ಇದೆ. ಯೆಹೂದಿಗಳೂ ಒಪ್ಪುವುದಿಲ್ಲವಲ್ಲ! ಆದರೂ ಅವರ ದೇವರು ಬೇರೆ ಅನ್ನುವ ಹಾಗಿಲ್ಲ, ಯಾಕೆಂದರೆ ಕ್ರೈಸ್ತ ಸಭೆ, ಅಂದರೆ ಚರ್ಚು, ಈ ಪ್ರಶ್ನೆಯನ್ನು ಎರಡನೇ ಶತಮಾನದಲ್ಲೇ ತೀರ್ಮಾನ ಮಾಡಿದೆ. ಮಾರ್ಸಿಯನ್ ಅನ್ನುವವನು ಹಳೆ ಒಡಂಬಡಿಕೆಯ (ಬೈಬಲಿನಲ್ಲಿ ಯೆಹೂದಿಗಳ ಗ್ರಂಥಗಳಿರುವ ಭಾಗ) ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಅಂತ ಬೋಧಿಸಿದ. ಸುಮಾರು 144ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ದೊಡ್ಡ ಆಜ್ಞೆ ಯಾವುದು ಅಂತ ಒಬ್ಬ ಕೇಳಿದಾಗ ಯೇಸು ಕೂಡ ‘ಇಸ್ರಾಯೇಲೇ ಕೇಳು, ನಮ್ಮ ದೇವರಾದ ಕರ್ತನು ಒಬ್ಬನೇ’ ಅಂತ ಯೆಹೂದಿಗಳು ದಿನಾ ಹೇಳುವ ಮಾತಿನಿಂದಲೇ ಶುರು ಮಾಡಿದ್ದು. ಯೆಹೂದಿಗಳಿಗೆ ಒಂದು ಅಳತೆ, ಮುಸ್ಲಿಮರಿಗೆ ಇನ್ನೊಂದು ಅಳತೆ ಅಂದರೆ ಅದು ಸರಿಯಾದ ವಾದ ಅಲ್ಲ. ಮುಸ್ಲಿಮರ ಕಡೆಯಿಂದ ನೋಡಿದರೆ ಕುರಾನಿನ 29ನೇ ಅಧ್ಯಾಯದ 46ನೇ ವಾಕ್ಯದಲ್ಲೇ, ಗ್ರಂಥದವರಿಗೆ, ಅಂದರೆ ಯೆಹೂದಿಗಳಿಗೂ ಕ್ರೈಸ್ತರಿಗೂ, ‘ನಮ್ಮ ದೇವರೂ ನಿಮ್ಮ ದೇವರೂ ಒಬ್ಬನೇ’ ಅಂತ ಹೇಳಿ ಎಂದಿದೆ.

ಸಿಖ್ಖರ ಏಕ ಓಂಕಾರ, ಪಾರ್ಸಿಗಳ ಅಹುರ ಮಜ್ದ? ಅವರೂ ಒಬ್ಬನನ್ನೇ ನಂಬುತ್ತಾರೆ, ಆದರೆ ಆ ನಂಬಿಕೆ ಅಬ್ರಹಾಮನ ಕಥೆಯಿಂದ ಬಂದದ್ದಲ್ಲ. ಅದನ್ನು ಬೇರೆಯಾಗಿಯೇ ನೋಡಬೇಕು.

ಮೂವರ ದೇವರೂ ಒಬ್ಬನೇ ಅನ್ನುವ ಮಾತು ಹೊಸದೂ ಅಲ್ಲ. 1076ರಲ್ಲಿ ಏಳನೇ ಗ್ರೆಗರಿ ಪೋಪ್, ಈಗಿನ ಅಲ್ಜೀರಿಯಾ ಕಡೆ ಆಳುತ್ತಿದ್ದ ಅಲ್ ನಾಸಿರ್ ಅನ್ನುವ ಮುಸ್ಲಿಂ ದೊರೆಗೆ ಒಂದು ಪತ್ರ ಬರೆದರು. ದೊರೆ ತನ್ನ ಕಡೆಯ ಕ್ರೈಸ್ತರಿಗೆ ಒಬ್ಬ ಬಿಷಪ್ ಬೇಕು ಅಂತ ಕೇಳಿದ್ದ, ಸೆರೆಯಲ್ಲಿದ್ದ ಕ್ರೈಸ್ತರನ್ನು ಬಿಡಿಸಿ ಕಳಿಸಿದ್ದ. ನಾವಿಬ್ಬರೂ ಬೇರೆ ಬೇರೆ ರೀತಿಯಲ್ಲಾದರೂ ಒಬ್ಬನೇ ದೇವರನ್ನು ನಂಬುತ್ತೇವೆ ಅಂತ ಪೋಪ್ ಬರೆದರು. 1965ರಲ್ಲಿ ಕ್ಯಾಥೊಲಿಕ್ ಬಿಷಪ್ಪರ ಮಹಾಸಮ್ಮೇಳನವಾದ ಎರಡನೇ ವ್ಯಾಟಿಕನ್ ಸಭೆ ಮುಸ್ಲಿಮರು ಏಕ ದೇವರನ್ನು ಆರಾಧಿಸುತ್ತಾರೆ ಅಂತ ಹೇಳುವಾಗ, ಅಡಿಟಿಪ್ಪಣಿಯಲ್ಲಿ ಇದೇ ಪತ್ರವನ್ನು ಇಟ್ಟಿದೆ.

ನನಗೆ ಜಾಸ್ತಿ ಮನಸ್ಸಿಗೆ ತಟ್ಟಿದ್ದು 12ನೇ ಶತಮಾನದ ಯೆಹೂದಿ ಪಂಡಿತ ಮೈಮೊನಿಡಿಸ್ ಬರೆದ ಒಂದು ಪತ್ರ. ಅವರು ಸಡಿಲ ಮನುಷ್ಯ ಅಲ್ಲ. ಯೇಸುವಿನ ಕಾರಣಕ್ಕೆ ಕ್ರೈಸ್ತರನ್ನು ವಿಗ್ರಹಾರಾಧಕರ ಸಾಲಿಗೆ ಸೇರಿಸಿದವರು, ಅದನ್ನು ಮುಂದೆ ಮೆಇರಿಯಂಥ ಯೆಹೂದಿ ಪಂಡಿತರೇ ಒಪ್ಪಲಿಲ್ಲ. ಮುಸ್ಲಿಂ ದೊರೆಗಳ ಕಿರುಕುಳದಿಂದಲೇ ಅವರ ಮನೆಯವರು ಸ್ಪೇನಿನ ಕೊರ್ಡೊಬಾ ಬಿಟ್ಟು ಓಡಬೇಕಾಯಿತು. ಒಬಾದ್ಯ ಎಂಬ, ಯೆಹೂದಿ ಧರ್ಮಕ್ಕೆ ಹೊಸದಾಗಿ ಸೇರಿದವನು ಅವರಿಗೆ ಪತ್ರ ಬರೆದ. ಮುಸ್ಲಿಮರು ವಿಗ್ರಹಾರಾಧಕರಲ್ಲ ಅಂತ ನಾನು ಹೇಳಿದ್ದಕ್ಕೆ ನನ್ನ ಗುರು ನನ್ನನ್ನು ಮೂರ್ಖ ಅಂತ ಬೈದರು ಅಂತ. ಮೈಮೊನಿಡಿಸ್ ಉತ್ತರ ನೇರವಾಗಿತ್ತು: ಮುಸ್ಲಿಮರು ದೇವರನ್ನು ಒಬ್ಬನೇ ಅಂತ ಸರಿಯಾಗಿಯೇ ನಂಬುತ್ತಾರೆ, ಅವರು ನಮ್ಮ ಮೇಲೆ ಸುಳ್ಳು ಹೇಳುತ್ತಾರೆ ಅಂತ ನಾವು ಅವರ ಮೇಲೆ ಸುಳ್ಳು ಹೇಳುವುದಿಲ್ಲ. ನಿನ್ನನ್ನು ಬೈದ ಗುರು ನೀನು ಶಿಷ್ಯನಾಗಿದ್ದರೂ ನಿನ್ನ ಹತ್ತಿರ ಕ್ಷಮೆ ಕೇಳಬೇಕು ಅಂತಲೂ ಬರೆದರು.